ಬಿಪಿ ಮಾತ್ರೆಯ ಜೊತೆಗೆ ಗಿಡಮೂಲಿಕೆ ಸಾರ ಸೇವಿಸಿದರೆ ಮೂತ್ರಪಿಂಡಕ್ಕೆ ತೊಂದರೆಯಾಗುತ್ತದೆಯೇ?

ರಕ್ತದೊತ್ತಡಕ್ಕೆ ರಾಮಿಪ್ರಿಲ್ ಹಾಗೂ ಮೂತ್ರವರ್ಧಕ ಮಾತ್ರೆ ಸೇವಿಸುವ ನಿಮ್ಮ ತಂದೆಯವರು ಕೀಲುನೋವಿಗೆ ಹರ್ಬಲ್ ಕ್ಯಾಪ್ಸೂಲ್ ಆರಂಭಿಸಬಹುದೇ, ನೈಸರ್ಗಿಕ ಎಂದ ಮೇಲೆ ಅಪಾಯವೇನು ಎಂದು ಕೇಳಿದ್ದೀರಿ. ಔಷಧ ವಿತರಣೆಯೇ ವೃತ್ತಿಯಾಗಿರುವ ನನ್ನ ಉತ್ತರ: ವೈದ್ಯರಿಗೆ ತಿಳಿಸದೆ ಖಂಡಿತ ಬೇಡ.

ಮೂತ್ರಪಿಂಡದ ಪ್ರತಿಯೊಂದು ಸೂಕ್ಷ್ಮ ಶೋಧಕಕ್ಕೂ ರಕ್ತ ತರುವ ಒಂದು ನಾಳ, ಒಯ್ಯುವ ಇನ್ನೊಂದು ನಾಳ ಇರುತ್ತವೆ. ಇವೆರಡರ ನಡುವಿನ ಒತ್ತಡದಿಂದಲೇ ಶೋಧನೆ ನಡೆಯುತ್ತದೆ. ರಾಮಿಪ್ರಿಲ್ ಒಯ್ಯುವ ನಾಳವನ್ನು ಸಡಿಲಿಸುತ್ತದೆ, ಮೂತ್ರವರ್ಧಕವು ದೇಹದ ನೀರಿನಂಶವನ್ನು ತಗ್ಗಿಸುತ್ತದೆ. ಡೈಕ್ಲೋಫೆನಾಕ್‌ನಂತಹ ನೋವುನಿವಾರಕ ಇವುಗಳ ಜೊತೆ ಸೇರಿದರೆ ರಕ್ತ ತರುವ ನಾಳವೂ ಕುಗ್ಗಿ, ಶೋಧನೆ ಹಠಾತ್ತಾಗಿ ಕುಸಿಯಬಹುದು. ನನಗೆ ಭಯವಿರುವುದು ಇಲ್ಲಿಯೇ. ಕೀಲುನೋವಿನ "ಶುದ್ಧ ಗಿಡಮೂಲಿಕೆ" ಉತ್ಪನ್ನಗಳಲ್ಲಿ ಡೈಕ್ಲೋಫೆನಾಕ್, ಸ್ಟೀರಾಯ್ಡ್‌ಗಳನ್ನು ಲೇಬಲ್‌ನಲ್ಲಿ ತಿಳಿಸದೆ ಬೆರೆಸಿದ್ದು ಹಲವು ದೇಶಗಳ ಔಷಧ ನಿಯಂತ್ರಕರ ತಪಾಸಣೆಯಲ್ಲಿ ಮತ್ತೆ ಮತ್ತೆ ಬಯಲಾಗಿದೆ. ಎರಡೇ ದಿನಕ್ಕೆ ನೋವು ಮಾಯವಾದರೆ ನಾನಂತೂ ಸಂತೋಷಪಡುವ ಮೊದಲು ಸಂಶಯಪಡುತ್ತೇನೆ.

ಕಲಬೆರಕೆಯಿಲ್ಲದ ಸಾರವೂ ನಿರಪಾಯಕಾರಿಯಲ್ಲ. ಜ್ಯೇಷ್ಠಮಧುವಿನ ಗ್ಲೈಸಿರೈಝಿನ್ ರಕ್ತದೊತ್ತಡವನ್ನು ಏರಿಸಿ ಪೊಟ್ಯಾಸಿಯಂ ಇಳಿಸುತ್ತದೆ. ಹಲವು ಮೂತ್ರವರ್ಧಕಗಳೂ ಪೊಟ್ಯಾಸಿಯಂ ಇಳಿಸುವುದರಿಂದ, ಎರಡೂ ಸೇರಿ ಅದು ತೀರಾ ಕುಸಿದರೆ ಸ್ನಾಯುಕೋಶಗಳು ಒಡೆದು ಅವುಗಳಿಂದ ಹೊರಬಂದ ಮಯೋಗ್ಲೋಬಿನ್ ಎಂಬ ಪ್ರೋಟೀನ್ ಮೂತ್ರಪಿಂಡಕ್ಕೆ ಹಾನಿ ಮಾಡಬಹುದು. ಖಿನ್ನತೆಗೆ ಬಳಸುವ ಸೇಂಟ್ ಜಾನ್ಸ್ ವರ್ಟ್ ಇನ್ನೊಂದು ಬಗೆಯದು: ಅಂಗಕಸಿಯಾದವರು ಕಸಿ ತಿರಸ್ಕಾರ ತಡೆಯಲು ಸೇವಿಸುವ ಸೈಕ್ಲೋಸ್ಪೊರಿನ್, ಟ್ಯಾಕ್ರೋಲಿಮಸ್‌ ಔಷಧಗಳನ್ನು ಅದು ದೇಹದಿಂದ ಬೇಗ ಹೊರಹಾಕಿಸುವುದರಿಂದ, ಕಸಿ ಮಾಡಿದ ಮೂತ್ರಪಿಂಡವನ್ನು ದೇಹವೇ ತಿರಸ್ಕರಿಸಿದ ಪ್ರಕರಣಗಳಿವೆ. ಬೇರೆ ಔಷಧದ ನೆರವಿಲ್ಲದೆಯೇ ಹಾನಿ ಮಾಡುವ ಸಸ್ಯಗಳೂ ಉಂಟು. 1990ರ ದಶಕದ ಆರಂಭದಲ್ಲಿ ಬ್ರಸೆಲ್ಸ್‌ನಲ್ಲಿ ತೂಕ ಇಳಿಸುವ ಮಿಶ್ರಣಕ್ಕೆ ಬೇರೊಂದು ಮೂಲಿಕೆಯ ಬದಲು ಅರಿಸ್ಟೊಲೋಕಿಯ ಎಂಬ ವಿಷಕಾರಿ ಸಸ್ಯ ಸೇರಿ, ಅನೇಕ ಮಹಿಳೆಯರ ಮೂತ್ರಪಿಂಡಗಳು ಶಾಶ್ವತವಾಗಿ ವಿಫಲವಾದವು.

ತಂದೆಯವರು ಈಗಾಗಲೇ ಆರಂಭಿಸಿದ್ದರೆ ಕ್ಯಾಪ್ಸೂಲನ್ನು ನಿಲ್ಲಿಸಿ, ಬಿಪಿ ಮಾತ್ರೆಗಳನ್ನು ಮಾತ್ರ ಸ್ವಂತ ನಿರ್ಧಾರದಿಂದ ಬಿಡಿಸಬೇಡಿ. ಬಾಟಲಿಯನ್ನೇ ವೈದ್ಯರ ಬಳಿಗೆ ಒಯ್ದು ಕ್ರಿಯಾಟಿನಿನ್ (ಮೂತ್ರಪಿಂಡ ರಕ್ತದಿಂದ ಶೋಧಿಸಿ ಹೊರಹಾಕುವ ತ್ಯಾಜ್ಯ), ಪೊಟ್ಯಾಸಿಯಂ ಮತ್ತು ಮೂತ್ರ ಪರೀಕ್ಷೆ ಮಾಡಿಸಿ. ಶೋಧನಾ ಶಕ್ತಿ ಅರ್ಧದಷ್ಟು ಕುಗ್ಗುವವರೆಗೂ ಕ್ರಿಯಾಟಿನಿನ್ ಸಾಮಾನ್ಯ ಮಿತಿಯೊಳಗೇ ಇರಬಹುದಾದ್ದರಿಂದ ಹಳೆಯ ವರದಿಗಳನ್ನೂ ಕೊಂಡೊಯ್ಯಿರಿ; ಹೋಲಿಸಿ ನೋಡಿದಾಗಲೇ ಏರಿಕೆ ಗೊತ್ತಾಗುತ್ತದೆ. ಮೂತ್ರ ಕಡಿಮೆಯಾದರೆ, ಕಾಲು ಊದಿಕೊಂಡರೆ, ಅಥವಾ ವಾಂತಿಭೇದಿ ಶುರುವಾದರೆ ಪರೀಕ್ಷೆಯ ದಿನಕ್ಕಾಗಿ ಕಾಯದೆ ಅಂದೇ ಕರೆದೊಯ್ಯಿರಿ.