ಹಿಮಾಚಲ ಪ್ರದೇಶದ ಯಾವ ವಸ್ತುಗಳಿಗೆ ಜಿಐ ಟ್ಯಾಗ್ (ಒಂದು ಪ್ರದೇಶದ ವಿಶೇಷ ವಸ್ತುವಿಗೆ ಕೊಡುವ ಭೌಗೋಳಿಕ ಗುರುತು) ಇದೆ? ಅದರಿಂದ ಏನು ಉಪಯೋಗ?

ಕುಲ್ಲು ಶಾಲು, ಕಾಂಗ್ರಾ ಚಹಾ, ಚಂಬಾ ರುಮಾಲು, ಕಿನ್ನೌರಿ ಶಾಲು, ಅಲ್ಲಿನ ಕಪ್ಪು ಜೀರಿಗೆ, ಚುಲ್ಲಿ ಎಣ್ಣೆ (ಕಾಡು ಏಪ್ರಿಕಾಟ್ ಬೀಜದ್ದು) ಮುಖ್ಯವಾದವು. 1999ರ ಜಿಐ ಕಾಯ್ದೆ ಪ್ರಕಾರ ನೋಂದಣಿಯಲ್ಲಿ ಹೇಳಿದ ಪ್ರದೇಶದ ಹೊರಗೆ ಮಾಡಿದ ಮಾಲಿಗೆ ಈ ಹೆಸರು ಹಾಕಿ ಮಾರುವಂತಿಲ್ಲ. ನೋಂದಣಿ 10 ವರ್ಷಕ್ಕೆ, ಆಮೇಲೆ ನವೀಕರಿಸಬೇಕು. ಕಾಂಗ್ರಾ ಚಹಾಕ್ಕೆ 2023ರಲ್ಲಿ ಯುರೋಪಿಯನ್ ಒಕ್ಕೂಟದ ರಕ್ಷಣೆಯೂ ಸಿಕ್ಕಿತು.

ನನಗೆ ಎಲ್ಲಕ್ಕಿಂತ ಇಷ್ಟ ಚಂಬಾ ರುಮಾಲು. ತೆಳು ಹತ್ತಿ ಬಟ್ಟೆ ಮೇಲೆ ಮೊದಲು ಇದ್ದಿಲಿನಲ್ಲಿ ಚಿತ್ರ ಬರೆದು, ಆಮೇಲೆ ಹೊಸೆಯದ ರೇಷ್ಮೆ ಎಳೆಯಲ್ಲಿ ಎರಡೂ ಕಡೆ ಒಂದೇ ಥರ ಕಾಣುವಂತೆ ತುಂಬುತ್ತಾರೆ, ಗಂಟು ಎಲ್ಲೂ ಕಾಣಿಸಲ್ಲ. ಕೃಷ್ಣನ ರಾಸಮಂಡಲ ಇರುವ ರುಮಾಲು ಸಿಕ್ಕರೆ ಬಿಡದೆ ತಿರುಗಿಸಿ ನೋಡಿ.

ಆದರೆ ಟ್ಯಾಗ್ ಒಂದಿದ್ದರೆ ನಕಲು ತಾನಾಗೇ ನಿಲ್ಲಲ್ಲ, ಯಾರಾದರೂ ದೂರು ಕೊಡಲೇಬೇಕು, ಒಬ್ಬ ನೇಕಾರನಿಗೆ ಅದು ಸುಲಭವಲ್ಲ ಅಲ್ವಾ? ಪವರ್‌ಲೂಮಿನ ಶಾಲನ್ನೂ ಕುಲ್ಲು ಶಾಲು ಅಂತಲೇ ಮಾರುವವರಿದ್ದಾರೆ. ಬೆಲೆ ತೀರಾ ಕಡಿಮೆ ಅನ್ನಿಸಿದರೆ ಅನುಮಾನಪಡಿ. ನೇಕಾರರ ಸಹಕಾರ ಸಂಘದ ಅಂಗಡಿಗೇ ಹೋಗಿ, ಜಿಐ ಮತ್ತು ಕೈಮಗ್ಗದ ಗುರುತು ನೋಡಿ ತಗೊಳ್ಳಿ.