ಹೋಳಿಗಿ ಬಿಡಬ್ಯಾಡ್ರಿ, ಚಾದಾಗಿನ ಸಕ್ಕರಿ ಬಿಡ್ರಿ

ಪ್ರಶ್ನೆ: ಮೇಡಂ ನಮಸ್ಕಾರ್ರಿ. ನಂದು ಕಲಬುರಗಿ, ವಯಸ್ಸು 41. ಸೂಪರ್ ಮಾರ್ಕೆಟ್ ಕಡಿ ಬಟ್ಟಿ ಅಂಗಡ್ಯಾಗ ಕೆಲಸ, ಮುಂಜಾನಿ ಹತ್ತಕ್ಕ ಗಾದಿ ಮ್ಯಾಲ ಕುಂತ್ರ ರಾತ್ರಿ ಒಂಬತ್ತಕ್ಕ ಏಳೋದು. ಎತ್ತರ 165 ಸೆಂಟಿಮೀಟರ್, ತೂಕ 84 ಕೆಜಿ, ಹೊಟ್ಟಿ ಸುತ್ತಳತಿ 98 ಸೆಂಟಿಮೀಟರ್ ಬಂದದ. ಮೊನ್ನೆ ರಕ್ತ ಚೆಕ್ ಮಾಡಿಸ್ದಾಗ ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್ ತೋರಸೋ ಟೆಸ್ಟ್) 6.0 ಬಂತು, ಶುಗರ್ ಬಾಗಲಿಗೆ ಬಂದು ನಿಂತದ ತೂಕ ಇಳಸ್ರಿ ಅಂದ್ರು ಡಾಕ್ಟರ್. ಹೋದ ವರ್ಷ ಒಂದೇಟಿಗೆ ಸಿಹಿ, ಅನ್ನ, ರೊಟ್ಟಿ ಎಲ್ಲಾ ಬಿಟ್ಟಿದ್ದೆ, ವಾರದಾಗ 3 ಕೆಜಿ ಇಳೀತು, ಆಮ್ಯಾಲ ತಡಕೊಳ್ಳಾಕ ಆಗ್ಲಿಲ್ಲ, ದೀಪಾವಳಿ ಬಂತು, ಇಳಿದಿದ್ದೂ ವಾಪಸ್ ಬಂತು ಮ್ಯಾಲ ಒಂದು ಕೆಜಿ ಜಾಸ್ತಿನೂ ಬಂತು. ಈ ಸಲ ರೊಟ್ಟಿ ಬಿಡದೆ ಬರೀ ಸಿಹಿ, ಕರಿದಿದ್ದು ಬಿಟ್ಟು ನಿಧಾನಕ್ಕ ಇಳಸ್ಬೇಕಂತ ಮಾಡೀನಿ. ಆಗ್ತದೇನ್ರಿ? ಮೊದಲ ಏನು ಬಿಡ್ಲಿ? ಶೇಂಗಾ ಹೋಳಿಗಿ, ಮಾಲ್ಪುರಿ ಅಂದ್ರ ನನಗ ಜೀವ, ಅದಕ್ಕೇ ಅಂಜಿಕಿ ಆಗ್ಯದ. ಉಳಿದಂಗ ದಿನಾ ಒಂದಾರು ಸಲ ಚಾ, ಗಿರಾಕಿಗೆ ತರಿಸ್ದಾಗ ನಮಗೂ ಬರ್ತದ, ಜೊತಿಗೆ ಒಂದೆಂಟು ಬಿಸ್ಕಿಟ್, ಸಂಜಿಗೆ ಮಿರ್ಚಿ ಭಜಿ. ಅಷ್ಟೇ.

ಉತ್ತರ: ಆಗ್ತದ್ರಿ ಅಣ್ಣಾರ. ಆದ್ರ ನೀವು ಕೊನಿಗೆ "ಅಷ್ಟೇ" ಅಂತ ಬರದೀರಲ್ಲ, ನಿಮ್ಮ ತೂಕ ಎಲ್ಲಾ ಆ "ಅಷ್ಟೇ" ಒಳಗೇ ಅದ. ಹೋಳಿಗಿ ಮಾಲ್ಪುರಿ ವರ್ಷಕ್ಕ ಎಷ್ಟು ಸಲ ತಿಂತೀರಿ? ಹಬ್ಬ, ಮದುವಿ, ಜಾತ್ರಿ ಎಲ್ಲಾ ಸೇರಿಸಿ ಎಣಿಸಿದ್ರೂ ಕೈಬೆರಳಾಗ ಎರಡು ಮೂರು ಸುತ್ತು ಆದೀತು. ಚಾ ಮಾತ್ರ ದಿನಕ್ಕ ಆರು ಅಂದ್ರ ವರ್ಷಕ್ಕ ಎರಡು ಸಾವಿರ ಕಪ್ ದಾಟ್ತದ.

ಒಂಚೂರು ಲೆಕ್ಕ ಹಾಕೋಣು. ಹೋಟೆಲ್ ಚಾದಾಗ ಗ್ಲಾಸಿಗೆ ಎರಡು ಚಮಚ ಸಕ್ಕರಿ ಹಿಡಿದ್ರ ಸುಮಾರು 10 ಗ್ರಾಂ, ಆರು ಗ್ಲಾಸಿಗೆ 60 ಗ್ರಾಂ, ಗ್ರಾಮಿಗೆ 4 ಕ್ಯಾಲರಿ ಅಂದ್ರ 240 ಕ್ಯಾಲರಿ. ವಿಶ್ವ ಆರೋಗ್ಯ ಸಂಸ್ಥೆ 2015ರಾಗ ಹೇಳಿದ್ದೇನಂದ್ರ, ದಿನಕ್ಕ 2000 ಕ್ಯಾಲರಿ ತಿನ್ನೋ ಮನುಷ್ಯಾಗ ಮ್ಯಾಲಿಂದ ಹಾಕೋ ಸಕ್ಕರಿ 50 ಗ್ರಾಂ ಒಳಗ ಇರ್ಬೇಕು, 25ರ ಒಳಗ ಇದ್ರ ಇನ್ನೂ ಚಲೋ. ನೀವು ಒಂದು ಪೇಡಾನೂ ಮುಟ್ಟದೇ ಬರೇ ಚಾದಾಗೇ ಆ ಗೆರಿ ದಾಟೀರಿ. ಇನ್ನ ಬಿಸ್ಕಿಟ್, ಎಂಟು ಅಂದ್ರ ಸುಮಾರು 40 ಗ್ರಾಂ, 180 ಕ್ಯಾಲರಿ, ಅದ್ರಾಗ ಕಾಲು ಭಾಗದಷ್ಟು ಸಕ್ಕರಿನೇ. ಮಿರ್ಚಿ ಭಜಿ ಮೂರು ತಿಂದ್ರ ಕಡ್ಲಿ ಹಿಟ್ಟು ಎಣ್ಣಿ ಸೇರಿ 300ರ ಆಸುಪಾಸು ಹಿಡೀರಿ. ಒಟ್ಟು 700 ಕ್ಯಾಲರಿ, ಒಬ್ಬ ಮನುಷ್ಯಾನ ಒಂದ್ ಹೊತ್ತಿನ ಊಟ ಅದು, ಮತ್ತ ಇದನ್ನ ನೀವು ಊಟ ಅಂತ ಲೆಕ್ಕಕ್ಕೇ ಹಿಡಿದಿಲ್ಲ!

ಇದ್ರಾಗ ಮೂರರಾಗ ಎರಡು ಪಾಲು ಕಡಿಮಿ ಮಾಡಿದ್ರ ದಿನಕ್ಕ ಸುಮಾರು 450 ಕ್ಯಾಲರಿ ಉಳೀತದ. ಒಂದು ಕೆಜಿ ಕೊಬ್ಬು ಕರಗಾಕ ಹತ್ತಿರ ಹತ್ತಿರ 7700 ಕ್ಯಾಲರಿ ಕೊರತಿ ಬೇಕು ಅಂತ ಹಿಡೀತೀವಿ, ಹಂಗಾದ್ರ ವಾರಕ್ಕ 400 ಗ್ರಾಂ. ಇದು ಕಾಗದದ ಮ್ಯಾಲಿನ ಲೆಕ್ಕ, ದೇಹ ಅಷ್ಟು ನಿಯತ್ತಿನಿಂದ ನಡಕೊಳ್ಳಂಗಿಲ್ಲ, ತಿಂಗಳಿಗೆ ಒಂದು ಒಂದೂವರಿ ಕೆಜಿ ಇಳಿದ್ರ ಭೇಷ್ ಅನ್ರಿ. ಮಂದಿಗೆ ಇದು ಸಣ್ಣದು ಅನಸ್ತದ, ಆದ್ರ ನಿಮ್ಮ 84ರಾಗ ಶೇಕಡಾ 5 ಅಂದ್ರ 4.2 ಕೆಜಿ ಅಷ್ಟೇ, ಅಷ್ಟು ಇಳಿದ್ರೇ ಬಿಪಿ, ಶುಗರ್ ಮ್ಯಾಲ ಫರಕ್ ಕಾಣಿಸ್ಲಿಕ್ಕೆ ಶುರು ಆಗ್ತದ. ನಿಮ್ಮ ಬಿಎಂಐ (ಎತ್ತರಕ್ಕ ತಕ್ಕಂಗ ತೂಕದ ಅಳತಿ) ಸದ್ಯ 31ರ ಹತ್ತಿರ ಅದ, ನಮ್ಮ ದೇಶದ ಮಂದಿಗೆ 25 ದಾಟಿದ್ರೇ ಬೊಜ್ಜು ಅಂತೀವಿ, ಗಂಡಸರ ಹೊಟ್ಟಿ ಸುತ್ತಳತಿ 90 ಸೆಂಟಿಮೀಟರ್ ದಾಟಬಾರದು. ದಾರಿ ಉದ್ದ ಅದ, ಖರೆ, ಆದ್ರ ಮೊದಲನೇ ಮೈಲಿಗಲ್ಲು ಹತ್ತಿರನೇ ಅದ.

ಹೋದ ವರ್ಷ ವಾರದಾಗ ಇಳಿದ 3 ಕೆಜಿ ಬಗ್ಗೆ ಹೇಳ್ಬೇಕು, ಯಾಕಂದ್ರ ಅದನ್ನ ನೋಡೇ ನಿಮಗ ಈಗಿನ ನಿಧಾನ ಬ್ಯಾಸರಾ ತರಸ್ತದ. ಅನ್ನ ರೊಟ್ಟಿ ಪೂರಾ ಬಿಟ್ಟಾಗ ಲಿವರ್‌ನಾಗ, ಸ್ನಾಯುದಾಗ ಕೂಡಿಟ್ಟ ಗ್ಲೈಕೋಜನ್, ಅಂದ್ರ ದೇಹದ ಸಕ್ಕರಿ ದಾಸ್ತಾನು, ಖಾಲಿ ಆಗ್ತದ, ಒಂದು ಗ್ರಾಂ ಗ್ಲೈಕೋಜನ್ ಜೊತಿಗೆ ಸುಮಾರು 3 ಗ್ರಾಂ ನೀರು ಇರ್ತದ, ಅದೂ ಹೊಂಟು ಹೋಗ್ತದ. ತಕ್ಕಡಿ ಇಳೀತು ಅಂತ ನಾವು ಕುಣಿದಾಡ್ತೀವಿ, ಒಳಗ ಹೋಗಿದ್ದು ಬಹುಪಾಲು ನೀರು. ದೀಪಾವಳಿಗೆ ನಾಲ್ಕು ದಿನ ಉಂಡ್ರಿ, ನೀರು ವಾಪಸ್ ಬಂತು. ನಿಮ್ಮ ಮನಸ್ಸು ಗಟ್ಟಿ ಇಲ್ಲ ಅಂತಲ್ರಿ, ಮಾಡಿದ ಪದ್ಧತಿನೇ ನಿಲ್ಲೋವಂಥದ್ದಲ್ಲ.

ಹಂಗಾಗಿ ಮೊದಲ ಚಾ ಹಿಡೀರಿ. ಪೂರಾ ಬಿಡಬ್ಯಾಡ್ರಿ, ಬಟ್ಟಿ ಅಂಗಡ್ಯಾಗ ಚಾ ಇಲ್ಲದ ವ್ಯಾಪಾರ ಎಲ್ಲದ ಹೇಳ್ರಿ. ಆರು ಇದ್ದಿದ್ದು ಮೂರು ಮಾಡ್ರಿ, ಗಿರಾಕಿ ಜೊತಿ ಬರೋ ಚಾ ಅರ್ಧ ಗ್ಲಾಸ್ ತಗೋರಿ, ಚಾ ತರೋ ಹುಡುಗಗ "ಕಮ್ ಶಕ್ಕರ್" ಅಂತ ಒಂದು ಗ್ಲಾಸ್ ಬ್ಯಾರೆ ಹೇಳಿಡ್ರಿ. ಹೋಟೆಲ್‌ದಾಗ ದೊಡ್ಡ ಪಾತ್ರ್ಯಾಗ ಮೊದಲೇ ಸಕ್ಕರಿ ಹಾಕಿ ಕುದಿಸಿಟ್ಟಿರ್ತಾರ, ಅಂಥಲ್ಲಿ ಕಮ್ ಅಂದ್ರೂ ಕಮ್ ಬರಂಗಿಲ್ಲ, ಮನಿಯಿಂದ ಫ್ಲಾಸ್ಕ್ ಒಯ್ಯೋದು ಚಲೋ. ಮನ್ಯಾಗ ಮೊದಲ ವಾರ ಎರಡು ಚಮಚ ಇದ್ದಿದ್ದು ಒಂದೂವರಿ, ಆಮ್ಯಾಲ ಒಂದು, ಆಮ್ಯಾಲ ಅರ್ಧ. ನಾಲಿಗಿ ಕೆಲವು ವಾರದಾಗ ಒಗ್ಗಿಕೊಳ್ತದ, ಒಂದಿನ ಯಾರದಾದ್ರೂ ಮನ್ಯಾಗ ಮೊದಲಿನಂಥ ಚಾ ಕೊಟ್ರ ಇದೇನು ಪಾಕ ಕುಡದಂಗ ಅದ ಅಂತ ನಿಮಗೇ ಅನಸ್ತದ. ಸಕ್ಕರಿ ಬದಲಿ ಗುಳಿಗಿ ಹಾಕ್ಕೊಳ್ಳಲೇನು ಅಂತ ಭಾಳ ಮಂದಿ ಕೇಳ್ತಾರ, ತೂಕ ಇಳಸಾಕಂತ ಅವನ್ನ ಬಳಸಬ್ಯಾಡ್ರಿ ಅಂತ ವಿಶ್ವ ಆರೋಗ್ಯ ಸಂಸ್ಥೆನೇ 2023ರಾಗ ಸಲಹಾ ಕೊಟ್ಟದ, ನನ್ನ ಅಭಿಪ್ರಾಯನೂ ಅದೇ, ನಾಲಿಗಿ ಚಟ ಹಂಗೇ ಉಳೀತದ. ಬೇಸಿಗ್ಯಾಗ ಒಂದು ಮಾತು ನೆನಪಿಡ್ರಿ. ನಮ್ ಕಡಿ ಏಪ್ರಿಲ್ ಮೇ ಅಂದ್ರ ಬಿಸಿಲು 42 ಡಿಗ್ರಿ ಸಹಜ, ಚಾ ಬಿಟ್ಟವ್ರು ಕೋಲ್ಡ್ ಡ್ರಿಂಕ್ಸ್‌ಗೆ ಹೋಗ್ತಾರ, 300 ಎಂಎಲ್ ಕೋಲಾದಾಗ 30 ಗ್ರಾಂ ಮ್ಯಾಲ ಸಕ್ಕರಿ ಇರ್ತದ, ಅಂದ್ರ ಮೂರು ಚಾದ್ದು ಒಂದೇ ಬಾಟ್ಲಿಯಾಗ. ಮಜ್ಜಿಗಿ ಕುಡೀರಿ, ಉಪ್ಪು ಜೀರಗಿ ಹಾಕಿ.

ಬಿಸ್ಕಿಟ್ ಬಗ್ಗೆ ಹೆಚ್ಚು ಹೇಳಂಗಿಲ್ಲ, ಡ್ರಾದಾಗ ಪಾಕೀಟ್ ಇಡಬ್ಯಾಡ್ರಿ ಅಷ್ಟೇ. ಇದ್ರ ಕೈ ಹೋಗ್ತದ. "ಡೈಜೆಸ್ಟಿವ್", "ಮಲ್ಟಿಗ್ರೇನ್" ಅಂತ ಬರದಿದ್ದಕ್ಕೂ ಮರುಳಾಗಬ್ಯಾಡ್ರಿ. ಪಾಕೀಟ್ ತಿರುವಿ ಹಿಂದ ನೋಡ್ರಿ, ಯಾವುದು ಎಲ್ಲಕ್ಕಿಂತ ಜಾಸ್ತಿ ಹಾಕ್ಯಾರೋ ಅದರ ಹೆಸರು ಮೊದಲು ಬರೀಬೇಕು ಅಂತ ಕಾನೂನು ಅದ, ಮೊದಲ ಮೂರರಾಗ ಮೈದಾ, ಸಕ್ಕರಿ, ಪಾಮ್ ಎಣ್ಣಿ ಇದ್ರ ಮುಂದ ಏನು ಬರದ್ರೂ ಅಷ್ಟೇ.

ಸಂಜಿ ಭಜಿ ಮಾತ್ರ ಬರೇ ಬಾಯಿಚಪಲ ಅಲ್ಲ. ನೀವು ಒಂದೂವರಿಗೆ ಉಂಡು ಆರಕ್ಕ ಭಜಿ ತಿಂತೀರಿ ಅಂದ್ರ ಆ ಹೊತ್ತಿಗೆ ಖರೇನೇ ಹಸಿವಾಗಿರ್ತದ, ಹಸಿದ ಹೊಟ್ಟಿ ಮುಂದ ಕಾದ ಎಣ್ಣಿಯಾಗ ಮಿರ್ಚಿ ಬಿಟ್ಟ ಚೊಂಯ್ ಸಪ್ಪಳ ಕೇಳಿದ್ರ ಯಾವ ಡಯಟ್‌ನೂ ನಿಲ್ಲಂಗಿಲ್ಲ. ಅದಕ್ಕ ಐದಕ್ಕೇ ಒಂದು ಹಿಡಿ ಹುರಿದ ಕಡ್ಲಿ ಇಲ್ಲಾ ಪುಟಾಣಿ, ಒಂದು ಪೇರಲ ಹಣ್ಣು, ಇಲ್ಲಾ ಮೊಳಕಿ ಬರಿಸಿದ ಮಡಕಿ ಕಾಳಿಗೆ ಉಳ್ಳಾಗಡ್ಡಿ ಲಿಂಬಿಹುಳಿ ಹಾಕಿ ತಿಂದುಬಿಡ್ರಿ. ಶೇಂಗಾನೂ ಆಗ್ತದ, ಆದ್ರ ಹಿಡಿ ಅಂದ್ರ ಹಿಡಿನೇ, 30 ಗ್ರಾಂ ಶೇಂಗಾದಾಗ 170 ಕ್ಯಾಲರಿ ಅದಾವ, ಮಾತಾಡ್ತಾ ಮಾತಾಡ್ತಾ ಪಾವು ಕೆಜಿ ಖಾಲಿ ಮಾಡೋ ಮಂದಿ ನಾವು. ಸೂಸಲಾ ತಿನ್ರಿ, ಎಣ್ಣಿ ಕಡಿಮಿ ಹಾಕಿಸಿ, ಅದರ ಮಗ್ಗಲ್ದಾಗ ಇಡೋ ಭಜಿ ವಾರಕ್ಕೊಂದಿನ ಸಾಕು. ಭಜಿ ಕಟ್ಟಿದ ಪೇಪರ್ ಹಿಂದಿನ ಅಕ್ಷರ ಮುಂದ ಕಾಣೋ ಹಂಗ ಎಣ್ಣಿ ಕುಡಿದಿರ್ತದಲ್ಲ, ಅದರ ಒಂದೊಂದು ಗ್ರಾಮಿಗೆ 9 ಕ್ಯಾಲರಿ, ಸಕ್ಕರಿಗಿಂತ ಎರಡು ಪಟ್ಟು ಮ್ಯಾಲ. ಮತ್ತ ನ್ಯೂಸ್ ಪೇಪರ್ ಶಾಯಿ ಹೊಟ್ಟಿಗೆ ಹೋಗ್ತದ, ಅದ್ರಾಗ ತಿನ್ನೋದು ಕಟ್ಟಬ್ಯಾಡ್ರಿ ಅಂತ ಸರ್ಕಾರದ ಆಹಾರ ಸುರಕ್ಷತಾ ಸಂಸ್ಥೆ ಎಫ್‌ಎಸ್‌ಎಸ್‌ಎಐ ಎಷ್ಟು ಸಲ ಹೇಳಿದ್ರೂ ಯಾರೂ ಕೇಳವಲ್ರು, ಇರ್ಲಿ ಅದು ಬ್ಯಾರೆ ಮಾತು.

ಜಂಕ್ ತಿಂಡಿ ಬಿಟ್ಟು ಮನಿ ಊಟಕ್ಕ ಬಂದ್ರ ಖರೇನೇ ಫರಕ್ ಬೀಳ್ತದೇನು ಅಂತ ಅನಿಸಿದ್ರ 2019ರಾಗ ಅಮೆರಿಕಾದ ಸರ್ಕಾರಿ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್‌ನವ್ರು ಮಾಡಿದ ಪ್ರಯೋಗ ಕೇಳ್ರಿ. 20 ಮಂದಿನ್ನ ತಮ್ಮ ಕೇಂದ್ರದಾಗೇ ಇಟ್ಕೊಂಡು ಎರಡು ವಾರ ಪಾಕೀಟ್ ಥರದ ಊಟ, ಎರಡು ವಾರ ಸಾದಾ ಊಟ ಕೊಟ್ಟು ಬೇಕಾದಷ್ಟು ತಿನ್ರಿ ಅಂದ್ರು. ಮುಂದಿಟ್ಟ ಕ್ಯಾಲರಿ, ಸಕ್ಕರಿ, ಕೊಬ್ಬು ಎರಡರಾಗೂ ಒಂದೇ ಇತ್ತು. ಆದ್ರೂ ಪಾಕೀಟ್ ಊಟದಾಗ ಮಂದಿ ದಿನಕ್ಕ 500 ಕ್ಯಾಲರಿ ಹೆಚ್ಚು ತಿಂದ್ರು, ಎರಡು ವಾರದಾಗ ಸುಮಾರು ಒಂದು ಕೆಜಿ ಏರಿದ್ರು. ಅಂಥದ್ದು ಲಗೂನ ನುಂಗಿ ಹೋಗ್ತದ, ಹೊಟ್ಟಿ ತುಂಬಿದ್ದು ತಲಿಗೆ ಗೊತ್ತಾಗೋದ್ರಾಗ ತಟ್ಟಿ ಖಾಲಿ.

ನಮ್ಮ ಜ್ವಾಳದ ರೊಟ್ಟಿ ಹಂಗಲ್ಲ, ಅಗಿಯಾಕೇ ಹೊತ್ತು ಬೇಕು. ರೊಟ್ಟಿ ಬಿಡಬ್ಯಾಡ್ರಿ. ಹೊತ್ತಿಗೆ ಎರಡು ರೊಟ್ಟಿ, ಪುಂಡಿಪಲ್ಯ ಇಲ್ಲಾ ಮೆಂತ್ಯಾಪಲ್ಯ, ಒಂದು ಬಟ್ಟಲು ಗಟ್ಟಿ ಬ್ಯಾಳಿ, ಮೊಸರು. ನಮ್ಮ ಕಲಬುರಗಿ ತೊಗರಿಬ್ಯಾಳಿಗೆ 2019ರಾಗ ಜಿಐ ಟ್ಯಾಗ್ (ಈ ಊರಿನದೇ ವಿಶೇಷ ಮಾಲು ಅನ್ನೋ ಗುರ್ತು) ಬಂದದ, 100 ಗ್ರಾಂ ಬೇಯಿಸದ ಬ್ಯಾಳಿಯಾಗ 22 ಗ್ರಾಂ ಪ್ರೋಟೀನ್, ಅದನ್ನ ಬಿಟ್ಟು ಪ್ರೋಟೀನ್ ಪೌಡರ್ ಡಬ್ಬಿ ಹುಡಕ್ಕೋತ ಹೋಗ್ತಾರ ನಮ್ಮ ಹುಡುಗರು. ರಾತ್ರಿ ಮಾತ್ರ ರೊಟ್ಟಿ ಉಂಡಾದ ಮ್ಯಾಲ "ಒಂಚೂರು ಅನ್ನ" ಅಂತ ಬಡಿಸ್ಕೋತೀವಲ್ಲ, ಅದನ್ನ ತಗೀರಿ.

ಇನ್ನ ಹೋಳಿಗಿ. ಹಬ್ಬದ ದಿನ ಕುಂತು ತುಪ್ಪ ಹಚ್ಚಿ ಎರಡು ತಿನ್ರಿ, ಯಾರೂ ಬೊಜ್ಜು ಬಂದು ಬೀಳಂಗಿಲ್ಲ. ತೊಂದ್ರಿ ಇರೋದು ಮರುದಿನದಿಂದ. ನಮ್ ಮನ್ಯಾಗ ಶೇಂಗಾ ಹೋಳಿಗಿ ಅಂದ್ರ ಡಬ್ಬಿಗಟ್ಲೆ ಮಾಡ್ತಾರ, ಹದಿನೈದು ದಿನ ಕೆಡಂಗಿಲ್ಲ, ಮುಂಜಾನಿ ಚಾದ ಜೊತಿ ಒಂದು, ರಾತ್ರಿ ಊಟ ಆದ್ಮ್ಯಾಲ ಒಂದು. ಹಬ್ಬ ಒಂದಿನ, ಡಬ್ಬಿ ಹದಿನೈದು ದಿನ! ಹಬ್ಬದ ಸಂಜಿಗೇ ಬೀಗರಿಗೆ, ಬಾಜೂ ಮನಿಗೆ ಹಂಚಿ ಡಬ್ಬಿ ಖಾಲಿ ಮಾಡ್ರಿ ಅಂತ ಮನ್ಯಾಗಿನವ್ರಿಗೆ ಹೇಳ್ರಿ. ಮಾಲ್ಪುರಿನೂ ಹಂಗೇ, ಮನಸಾದಾಗ ಹೋಗಿ ನಿಂತು ಒಂದು ತಿಂದು ಬರ್ರಿ, ಪಾರ್ಸಲ್ ಬ್ಯಾಡ.

ತೂಕ ವಾರಕ್ಕೊಮ್ಮೆ, ಅದೇ ತಕ್ಕಡಿ, ಮುಂಜಾನಿ ಖಾಲಿ ಹೊಟ್ಟಿ. ದಿನಾ ನೋಡಬ್ಯಾಡ್ರಿ, ಉಪ್ಪು ಜಾಸ್ತಿ ಆದ್ರೂ ಒಂದು ಕೆಜಿ ಆಚಿ ಈಚಿ ಆಗ್ತದ. ಎರಡು ಮೂರು ತಿಂಗಳಿಗೆ ತೂಕ ಒಂದೇ ಕಡಿ ನಿಂತಂಗ ಅನಸ್ತದ, ಮೈ ಹಗುರಾದಂಗ ಕ್ಯಾಲರಿ ಖರ್ಚೂ ಕಡಿಮಿ ಆಗಿರ್ತದ, ಆವಾಗ ಟೇಪ್ ಹಿಡಿದು ಹೊಟ್ಟಿ ಅಳೀರಿ, ಎಷ್ಟೋ ಸಲ ಅಲ್ಲಿ ಇಳಿದಿರ್ತದ. ನಡಿಗಿ ವಾರಕ್ಕ 150 ನಿಮಿಷ, ಬಿಸಿಲು ಏರೋದಕ್ಕಿಂತ ಮೊದಲ ಅಪ್ಪನ ಕೆರಿ ಕಡಿ ಹೋಗ್ರಿ. ಅಮೆರಿಕಾದಾಗ ನಿಮ್ಮಂಗ ಶುಗರ್ ಅಂಚಿಗೆ ಇದ್ದವ್ರ ಮ್ಯಾಲ ಮಾಡಿದ ದೊಡ್ಡ ಅಧ್ಯಯನದ ಫಲಿತಾಂಶ 2002ರಾಗ ಬಂತು. ಶೇಕಡಾ 7 ತೂಕ ಇಳಸೋದು ಮತ್ತ ಇಷ್ಟೇ ನಡಿಗಿ ಗುರಿ ಇಟ್ಕೊಂಡವ್ರಿಗೆ ಮುಂದ ಶುಗರ್ ಬರೋದು ಶೇಕಡಾ 58 ಕಡಿಮಿ ಆತು, ಗುಳಿಗಿ ತಗೊಂಡವ್ರಿಗಿಂತ ಇವ್ರಿಗೇ ಲಾಭ ಜಾಸ್ತಿ. ಎಚ್‌ಬಿಎ1ಸಿ ಮೂರು ತಿಂಗಳಿಗೆ ಮತ್ತೊಮ್ಮೆ ಮಾಡಸ್ರಿ, ಅದಕ್ಕಿಂತ ಮೊದಲ ಮಾಡಿಸಿದ್ರ ರೊಕ್ಕ ದಂಡ. ಥೈರಾಯಿಡ್ ನೋಡಿಸಿಲ್ಲ ಅಂದ್ರ ಒಮ್ಮೆ ಅದರ ರಕ್ತ ಪರೀಕ್ಷಾ ಟಿಎಸ್‌ಎಚ್ ನೋಡಿಸಿಬಿಡ್ರಿ.

ಪ್ರಶ್ನೆ: ಮೇಡಂ, ನಮ್ದು ಭಾಲ್ಕಿ, ಬೀದರ್ ಜಿಲ್ಲಾ. ಸಕ್ಕರಿ ಬಂದ್ ಮಾಡಿ ಮನ್ಯಾಗ ಎಲ್ಲಾದಕ್ಕೂ ಬೆಲ್ಲಾನೇ ಹಾಕ್ಲಿಕತ್ತೀನಿ, ನಮ್ಮ ಕಡಿ ಚಲೋ ಬೆಲ್ಲ ಸಿಗ್ತದ. ಆರು ತಿಂಗಳಾದ್ರೂ ತೂಕ ಜರಾನೂ ಇಳಿದಿಲ್ಲ, ಯಾಕ?

ಉತ್ತರ: ಯಾಕಂದ್ರ ಬೆಲ್ಲಾನೂ ಸಕ್ಕರಿನೇ ಅಕ್ಕಾರ. 100 ಗ್ರಾಂ ಸಕ್ಕರಿಗೆ 400 ಕ್ಯಾಲರಿ ಇದ್ರ ಬೆಲ್ಲಕ್ಕ 380ರ ಸುತ್ತ. ಕಬ್ಬಿಣ, ಖನಿಜ ಸ್ವಲ್ಪ ಇರ್ತದ ಖರೆ, ಅದಕ್ಕಂತ ಬೆಲ್ಲ ತಿನ್ನೋದಕ್ಕಿಂತ ಪಲ್ಯ ತಿನ್ನೋದು ಚಲೋ. ಮತ್ತ ಬೆಲ್ಲ ಅಂದಕೂಡ್ಲೆ ಕೈ ಧಾರಾಳ ಆಗ್ತದ, ಒಂದು ಚಮಚ ಸಕ್ಕರಿ ಹಾಕೋ ಜಾಗದಾಗ ಲಿಂಬಿಕಾಯಷ್ಟು ಬೆಲ್ಲ ಬೀಳ್ತದ. ರುಚಿ ಇಷ್ಟ ಇದ್ರ ಬೆಲ್ಲಾನೇ ಇರ್ಲಿ, ಸಕ್ಕರಿದು ಏನು ಅಳತಿ ಹೇಳೀನೋ ಅದೇ ಅಳತಿ. ಜೇನುತುಪ್ಪಕ್ಕೂ ಇದೇ ಮಾತು.

ಪ್ರಶ್ನೆ: ನಾನು ಯಾದಗಿರಿ ಕಡಿಯವ, 55 ವಯಸ್ಸು, ಶುಗರ್‌ಗೆ ಗ್ಲಿಮೆಪಿರೈಡ್ ಗುಳಿಗಿ ತಗೋತೀನಿ. ತೂಕ ಇಳಸಾಕಂತ ಸಿಹಿ, ಬೇಕರಿ ತಿನಿಸು ಬಿಟ್ಟು ಊಟಾನೂ ಅರ್ಧ ಮಾಡೀನಿ. ನಡು ನಡುವ ಕೈ ನಡಗ್ತಾವ, ಬೆವರು ಬರ್ತದ. ಇದು ತೂಕ ಇಳಿಯೋ ಲಕ್ಷಣ ಏನ್ರಿ?

ಉತ್ತರ: ಅಲ್ಲ ಅಲ್ಲ, ಅದು ಶುಗರ್ ಕೆಳಗ ಬೀಳೋ ಲಕ್ಷಣ ಇರಬಹುದು, ಹಗುರಾಗಿ ತಗೋಬ್ಯಾಡ್ರಿ. ನಿಮ್ಮ ಗುಳಿಗಿ ನೀವು ಉಂಡ್ರೂ ಉಣ್ಣದಿದ್ರೂ ಇನ್ಸುಲಿನ್ ಹೊರಡಸ್ತದ, ಊಟ ಅರ್ಧ ಮಾಡಿ ಗುಳಿಗಿ ಹಂಗೇ ಇಟ್ರ ಹಿಂಗ ಆಗ್ತದ. ನಡುಗು ಬಂದಾಗ ಮಿಷಿನ್ ಇದ್ರ ನೋಡ್ರಿ, 70ರ ಕೆಳಗ ಇದ್ರ ಮೂರು ಚಮಚ ಸಕ್ಕರಿ ನೀರಾಗ ಕದಡಿ ಕುಡೀರಿ, 15 ನಿಮಿಷಕ್ಕ ಮತ್ತ ನೋಡ್ರಿ, ಏರಿಲ್ಲ ಅಂದ್ರ ಮತ್ತೊಮ್ಮೆ ಕುಡೀರಿ. ಮಿಷಿನ್ ಇಲ್ಲಂದ್ರ ಕಾಯಬ್ಯಾಡ್ರಿ, ಮೊದಲ ಕುಡೀರಿ. ಆಮ್ಯಾಲ ಏನರೆ ಸ್ವಲ್ಪ ಉಣ್ರಿ. ಪ್ರಜ್ಞಿ ತಪ್ಪಿದ್ರ ಬಾಯಾಗ ಏನೂ ಹಾಕಬಾರದು, ಸೀದಾ ದವಾಖಾನಿಗೆ ಒಯ್ಯಬೇಕು ಅಂತ ಮನ್ಯಾಗಿನವ್ರಿಗೂ ಹೇಳಿಡ್ರಿ. ಈ ವಾರನೇ ಡಾಕ್ಟರ್‌ಗೆ ಹೋಗಿ "ಊಟ ಕಡಿಮಿ ಮಾಡೀನಿ, ಹಿಂಗಾಗ್ಲಿಕತ್ತದ" ಅಂತ ಹೇಳ್ರಿ, ಡೋಸ್ ಇಳಸೋದೋ ಗುಳಿಗಿ ಬದಲಸೋದೋ ಅವ್ರು ನೋಡ್ತಾರ, ನೀವಾಗೇ ಗುಳಿಗಿ ಬಿಡಬ್ಯಾಡ್ರಿ. ಅಲ್ಲಿ ತನಕ ಊಟ ಮೊದಲಿನ ಹೊತ್ತಿಗೆ, ಮೊದಲಿನಷ್ಟೇ ಉಣ್ರಿ, ಜೇಬಿನಾಗ ಒಂದು ಸಣ್ಣ ಗ್ಲುಕೋಸ್ ಪುಡಿ ಪಾಕೀಟ್ ಇಟ್ಕೊಂಡೇ ಹೊರಗ ಹೋಗ್ರಿ.