ಆಪ್ತಸಲಹೆ ಪ್ರಕರಣ: ಸೆಲೆನಿಯಂ ಏರಿತು, ಕಿಣ್ವ ಏರಲಿಲ್ಲ

ನಲವತ್ತರ ಆಸುಪಾಸಿನ, ಕರಾವಳಿ ಮೂಲದ ಮಹಿಳೆಯೊಬ್ಬರು ಕೂದಲು ಉದುರುತ್ತಿದೆ, ಉಗುರುಗಳು ಬಿಳಿಚಿಕೊಂಡು ಮುರಿಯುತ್ತಿವೆ ಎಂದು ಪೌಷ್ಟಿಕ ಆಪ್ತಸಲಹೆಗೆ ಬಂದಿದ್ದರು. ಅಕ್ಕನಿಗೆ ಸ್ತನ ಕ್ಯಾನ್ಸರ್ ಆದ ಮೇಲೆ ದೇಹದ ಉತ್ಕರ್ಷಣ ನಿರೋಧಕ ಶಕ್ತಿಯನ್ನು ಹೆಚ್ಚಿಸಿಕೊಳ್ಳಬೇಕೆಂದು ತಾವಾಗಿಯೇ ಸೆಲೆನಿಯಂ ಎಂಬ ಖನಿಜದ 200 ಮೈಕ್ರೋಗ್ರಾಂ ಮಾತ್ರೆ ಆರಂಭಿಸಿದ್ದರು. ಕೂದಲು ಉದುರತೊಡಗಿದಾಗ ಅದಕ್ಕೆಂದು ಸೇರಿಸಿಕೊಂಡ ಇನ್ನೊಂದು ಮಾತ್ರೆಯ ಡಬ್ಬಿಯನ್ನು ತಿರುಗಿಸಿ ಓದಿದರೆ, ಅದರಲ್ಲಿಯೂ 100 ಮೈಕ್ರೋಗ್ರಾಂ ಇತ್ತು. ಮೇಲೆ ದಿನಕ್ಕೆ ನಾಲ್ಕು ಬ್ರೆಜಿಲ್ ನಟ್, ಸೆಲೆನಿಯಂ ಹೇರಳವಾಗಿರುವ ಬೀಜ. ಊಟದ ಪಾಲನ್ನು ಸೇರಿಸದೆಯೇ ಮೊತ್ತ 500 ದಾಟುತ್ತಿತ್ತು. ವಯಸ್ಕರಿಗೆ ನಮ್ಮಲ್ಲಿ ಶಿಫಾರಸು ಇರುವುದು ದಿನಕ್ಕೆ 40, ಅಮೆರಿಕದ ಗರಿಷ್ಠ ಮಿತಿ 400.

"ರಿಪೋರ್ಟಿನಲ್ಲಿ ಸೆಲೆನಿಯಂ ಚೆನ್ನಾಗಿ ಏರಿದೆ ಮೇಡಂ, ಹಾಗಾದರೆ ಉತ್ಕರ್ಷಣ ನಿರೋಧಕ ಕಿಣ್ವವೂ ಏರಿರಬೇಕಲ್ಲವೇ?" ಎಂಬುದು ಅವರ ಪ್ರಶ್ನೆಯಾಗಿತ್ತು.

ಪ್ರಶ್ನೆ ಸಹಜವಾದದ್ದೇ. ಜೀವಕೋಶಗಳಲ್ಲಿ ಉಂಟಾಗುವ ಹೈಡ್ರೋಜನ್ ಪೆರಾಕ್ಸೈಡನ್ನು ನೀರಾಗಿಸುವ ಗ್ಲುಟಾಥಯೋನ್ ಪೆರಾಕ್ಸಿಡೇಸ್ ಕಿಣ್ವದ ಕ್ರಿಯಾಸ್ಥಾನದಲ್ಲಿ ಸೆಲೆನಿಯಂ ಇದೆಯೆಂಬುದು 1973ರಿಂದಲೇ ತಿಳಿದಿದೆ, ಮತ್ತು ಆಹಾರದಲ್ಲಿ ಸೆಲೆನಿಯಂ ಕೊರತೆಯಾದರೆ ಈ ಕಿಣ್ವದ ಮಟ್ಟ ನಿಜಕ್ಕೂ ಕುಸಿಯುತ್ತದೆ. ಆದರೆ ಕೊರತೆ ನೀಗಿದ ಮೇಲೆ ಏರಿಕೆ ನಿಲ್ಲುತ್ತದೆ: ರಕ್ತದ ದ್ರವಭಾಗವಾದ ಪ್ಲಾಸ್ಮಾದಲ್ಲಿ ಸೆಲೆನಿಯಂ ಲೀಟರಿಗೆ ಸುಮಾರು 70ರಿಂದ 90 ಮೈಕ್ರೋಗ್ರಾಂ ಮುಟ್ಟುವ ಹೊತ್ತಿಗೆ ಅಲ್ಲಿನ ಕಿಣ್ವ ತನ್ನ ಗರಿಷ್ಠ ಮಟ್ಟದಲ್ಲಿರುತ್ತದೆ. ರಿಪೋರ್ಟಿನ ಅಂಕಿ ಅದನ್ನೂ ಮೀರಿ ಏರುವುದೇಕೆಂದರೆ, ಮಾತ್ರೆ ಹಾಗೂ ಬೀಜಗಳಲ್ಲಿರುವ ಸೆಲೆನೋಮೆಥಿಯೋನಿನನ್ನು (ಸೆಲೆನಿಯಂ ಸೇರಿದ ಅಮೈನೋ ಆಮ್ಲ) ದೇಹವು ಪ್ರೋಟೀನಿನ ಘಟಕವಾದ ಸಾಮಾನ್ಯ ಮೆಥಿಯೋನಿನ್ ಎಂದೇ ಬಗೆದು ಸಿಕ್ಕಸಿಕ್ಕ ಪ್ರೋಟೀನಿಗೆ ಸೇರಿಸುತ್ತದೆ. ಅದರಿಂದ ರಕ್ಷಣೆಯೇನೂ ಹೆಚ್ಚುವುದಿಲ್ಲ. ಉಳಿದದ್ದು ಮೂತ್ರದಲ್ಲಿ ಹೋಗುತ್ತದೆ, ತೀರ ಹೆಚ್ಚಾದರೆ ಬೆಳ್ಳುಳ್ಳಿಯಂಥ ವಾಸನೆಯೊಂದಿಗೆ ಉಸಿರಿನಲ್ಲಿಯೂ; ಕೂದಲು ಉದುರುವುದೂ ಉಗುರು ಮುರಿಯುವುದೂ ಅದೇ ಹೆಚ್ಚಳದ ಲಕ್ಷಣಗಳು. ಬಾಯಿಂದ ಬೆಳ್ಳುಳ್ಳಿ ವಾಸನೆ ಬರುತ್ತದೆಯೇ ಎಂದು ಕೇಳಿದಾಗ ಅವರು ಬೆರಗಾಗಿ, ಬೆಳ್ಳುಳ್ಳಿ ತಿನ್ನದ ದಿನವೂ ಮನೆಯವರು ಹಾಗೆನ್ನುತ್ತಾರೆ ಎಂದರು.

ಎರಡು ಮಾತ್ರೆಗಳನ್ನೂ ಬ್ರೆಜಿಲ್ ನಟ್ಟನ್ನೂ ಅಂದೇ ನಿಲ್ಲಿಸಲು, ಅವರು ಮೊದಲಿನಿಂದಲೂ ತೆಗೆದುಕೊಳ್ಳುತ್ತಿದ್ದ ಥೈರಾಯ್ಡ್ ಮಾತ್ರೆಯನ್ನು ಮಾತ್ರ ಯಾವ ಕಾರಣಕ್ಕೂ ಬಿಡದಿರಲು ಸೂಚಿಸಿದೆ. ಥೈರಾಯ್ಡಿನ ಏರುಪೇರಿನಿಂದಲೂ ಕೂದಲು ಉದುರುವುದರಿಂದ, ಎಲ್ಲ ಡಬ್ಬಿಗಳ ಜೊತೆಗೆ ವೈದ್ಯರನ್ನು ಕಂಡು ಥೈರಾಯ್ಡ್ ಸ್ಥಿತಿ ತಿಳಿಸುವ ಟಿಎಸ್‌ಎಚ್ ರಕ್ತಪರೀಕ್ಷೆ ಮಾಡಿಸಿಕೊಳ್ಳಲು ಹೇಳಿದೆ. ವಾರದಲ್ಲಿ ಹಲವು ದಿನ ಬೂತಾಯಿ, ಬಂಗುಡೆ, ಮೊಟ್ಟೆ ತಿನ್ನುವ ಅವರಿಗೆ ಬೇಕಾದ ಸೆಲೆನಿಯಂ ತಟ್ಟೆಯಲ್ಲೇ ಇತ್ತು.

ಇಷ್ಟಾದರೂ ಅವರ ಭಯ ಉಳಿದಿತ್ತು. ನನ್ನ ದೃಷ್ಟಿಯಲ್ಲಿ ಅಸಲು ಸಮಸ್ಯೆ ಅದೇ. ಮೂವತ್ತೈದು ಸಾವಿರಕ್ಕೂ ಹೆಚ್ಚು ಪುರುಷರನ್ನು ಒಳಗೊಂಡಿದ್ದ ಸೆಲೆಕ್ಟ್ ಪ್ರಯೋಗದಲ್ಲಿ ನಿತ್ಯ 200 ಮೈಕ್ರೋಗ್ರಾಂ ಸೆಲೆನಿಯಂ ಪ್ರಾಸ್ಟೇಟ್ ಕ್ಯಾನ್ಸರನ್ನು ತಡೆಯಲಿಲ್ಲ, 2008ರಲ್ಲಿ ಮಾತ್ರೆಗಳನ್ನು ನಿಲ್ಲಿಸಲಾಯಿತು ಎಂಬುದನ್ನು ವಿವರಿಸಿ, ಅಕ್ಕನ ಕಾಯಿಲೆಯ ಹಿನ್ನೆಲೆಯಲ್ಲಿ ತಮಗೆ ಯಾವ ವಯಸ್ಸಿನಿಂದ ಸ್ತನ ತಪಾಸಣೆ ಬೇಕೆಂಬುದನ್ನು ತಜ್ಞರಲ್ಲೇ ಕೇಳುವಂತೆ ಪತ್ರ ಬರೆದುಕೊಟ್ಟೆ. ಮುಂದಿನ ಭೇಟಿಗೆ ಅವರು ತಪಾಸಣೆಯ ದಿನಾಂಕ ಗೊತ್ತುಮಾಡಿಕೊಂಡೇ ಬಂದರು. ಬಾಯಿವಾಸನೆ ಹೋಗಿತ್ತು, ಉಗುರುಗಳು ಬುಡದಿಂದ ನಯವಾಗಿ ಬೆಳೆಯುತ್ತಿದ್ದವು.